ಕಾಲ್ಚೆಂಡಿನ ಆಸನಯೋಗ

ಉಚ್ಚಿಲದ ಕಡಲತಡಿಯಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದಡವೇರಿದ್ದ ದೋಣಿಯ ಮಗ್ಗುಲಲ್ಲಿ, ಸಲಹೆ ಕೇಳಿದವರಾರೂ ಇಲ್ಲದಿದ್ದರೂ, ನಿವೃತ್ತ ಮಾಸ್ತರರೂ ತಂಡೇಲರೂ ಕ್ರೀಡಾಂಗಣಗಳ ಜೀರ್ಣೋದ್ಧಾರವನ್ನು ಕುರಿತು ಗಂಭೀರ ಸಮಾಲೋಚನೆಯಲ್ಲಿ ತೊಡಗಿದ್ದರು.

"2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ, ಅಶೋಕನಗರದ ಹಳೆಯ ಮೈದಾನದಲ್ಲಿಯೇ ಆಡಿ, ಮರುವರ್ಷವೇ ಐ-ಲೀಗ್ ಗೆದ್ದಿತಲ್ಲ, ಮತ್ತೆ ಕಂಠೀರವ ಕ್ರೀಡಾಂಗಣಕ್ಕೆ ಹೋದದ್ದೇಕೆ, ಮಾಸ್ಟ್ರೇ?"

"ಗೆಲ್ಲುವುದು ಆಟಗಾರರ ಧರ್ಮ, ಮಾರಾಯ್ರೆ, ಏಷ್ಯಾದ ಕಾಲ್ಚೆಂಡು ಒಕ್ಕೂಟವು ಪರೀಕ್ಷಿಸುವುದಾದರೋ ದೀಪ, ಆಸನ, ಶೌಚಾಲಯ ಮೊದಲಾದ, ಚೆಂಡನ್ನು ಎಂದೂ ಒದೆಯದ ವಸ್ತುಗಳನ್ನು."

"ಅಲ್ಲಿ ಸುತ್ತಲೂ ಓಟದ ಪಥವಿದೆಯಂತೆ?"

"ಇದೆ. ಓಟಗಾರರು ಚೆಂಡನ್ನೂ ಚೆಂಡಾಟದವರು ಪಥವನ್ನೂ ಶಪಿಸುತ್ತ, ಒಂದೇ ಮನೆಯ ದಾಯಾದಿಗಳಂತೆ ಬಾಳಿದ್ದಾರೆ."

"ಹಾಗಾದರೆ ನಮ್ಮ ಮರಳಿನ ಮೈದಾನಕ್ಕೆ ಯಾವ ದರ್ಜೆ?"

"ಆಸನಗಳಿಗೆ ಸಂಖ್ಯೆ ಬರೆಯಿಸಿದರೆ ಉತ್ತಮ ದರ್ಜೆಯೇ, ಆದರೆ ಭರತದ ವೇಳೆಯಲ್ಲಿ ಪ್ರೇಕ್ಷಕರು ಈಜಬಲ್ಲರೆಂಬ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾದೀತು!"