ಮುನ್ನೂರು ರೂಪಾಯಿಯ ಲೆಕ್ಕಾಚಾರ್ಯರು

ಬೆಂಗಳೂರಿನ ಯಾವ ದರ್ಶಿನಿಗೆ ಹೋದರೂ ಒಬ್ಬ ಲೆಕ್ಕಾಚಾರ್ಯರು ಸಿಕ್ಕೇ ಸಿಗುತ್ತಾರೆ. ಒಂದು ಕಣ್ಣು ಕಾಫಿ ಲೋಟದ ಮೇಲೆ, ಇನ್ನೊಂದು ಮೊಬೈಲಿನ ನಿಫ್ಟಿಯ ಮೇಲೆ. ‘ಇಂಡೆಕ್ಸ್ ಫ್ಯೂಚರ್ಸ್ ದುಬಾರಿ ಕಣ್ರೀ, ಕರೆನ್ಸಿಯೇ ಸೋವಿ’ ಎಂಬುದು ಅವರ ಸಿದ್ಧಾಂತ. ನಗುವ ಮೊದಲು ಒಪ್ಪಿಕೊಳ್ಳಬೇಕು, ಸಿದ್ಧಾಂತ ಸುಳ್ಳಲ್ಲ. 2024ರ ಅಕ್ಟೋಬರ್‌ನಲ್ಲಿ ಷೇರು ವಹಿವಾಟು ತೆರಿಗೆ (ಎಸ್‌ಟಿಟಿ) ಶೇ 0.02ಕ್ಕೆ ಏರಿದಾಗ, 15 ಲಕ್ಷದ ನಿಫ್ಟಿ ಫ್ಯೂಚರ್ಸ್ ಮಾರಿದರೆ 300 ರೂಪಾಯಿ ಸರ್ಕಾರದ ಪಾಲಾಗುತ್ತಿತ್ತು. ರೂಪಾಯಿ-ಡಾಲರ್ ಫ್ಯೂಚರ್ಸ್‌ಗೆ ಆ ತೆರಿಗೆಯೇ ಇಲ್ಲ. ಅಷ್ಟೇ ಮೊತ್ತದ ಖರೀದಿಗೆ ನಿಫ್ಟಿಯಲ್ಲಿ 30 ರೂಪಾಯಿ ಮುದ್ರಾಂಕ ಶುಲ್ಕವಾದರೆ ಇಲ್ಲಿ ಒಂದೂವರೆ ರೂಪಾಯಿ. ಆಚಾರ್ಯರು ಇದನ್ನೆಲ್ಲ ಟಿಶ್ಯೂ ಕಾಗದದ ಮೇಲೆ ಬರೆದು ತೋರಿಸುತ್ತಾರೆ. ಶುಲ್ಕ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಅಚ್ಚಾಗಿ ಬರುತ್ತದೆ, ಬೈಯಲು ಅನುಕೂಲ. ಅಪಾಯಕ್ಕೆ ಅಂಥ ರಸೀದಿ ಇಲ್ಲ, ಆದ್ದರಿಂದ ಅದು ಅವರ ಲೆಕ್ಕಕ್ಕೂ ಇಲ್ಲ.

ಅವರ ಕೈಯಲ್ಲಿ ಎರಡು ಲಕ್ಷವಿದೆ ಎನ್ನಿ. ನಿಫ್ಟಿಗೆ ಮಾರ್ಜಿನ್, ಅಂದರೆ ಮೊದಲೇ ಇಡಬೇಕಾದ ಠೇವಣಿ, ಶೇ 12ರ ಆಸುಪಾಸು. ಅದೇ 15 ಲಕ್ಷದ ಒಂದು ಲಾಟ್ (ವ್ಯವಹಾರದ ಕನಿಷ್ಠ ಘಟಕ) ಹಿಡಿಯುವಷ್ಟರಲ್ಲಿ ಜೇಬು ಖಾಲಿ. ಸೂಚ್ಯಂಕ ಶೇ 1 ಕುಸಿದರೆ ನಷ್ಟ 15 ಸಾವಿರ. ಡಾಲರ್ ಲಾಟ್ ಎಂದರೆ ಬರೀ 1000 ಡಾಲರ್, ಮಾರ್ಜಿನ್ ಶೇ 2–3. ಡಾಲರ್‌ಗೆ 85 ರೂಪಾಯಿ ಎಂದು ಹಿಡಿದರೆ ಅದೇ ಎರಡು ಲಕ್ಷಕ್ಕೆ ತೊಂಬತ್ತು ಲಾಟ್ ಸಿಕ್ಕಾವು. ಸೋವಿ ಎಂದಮೇಲೆ ಕೈ ತಡೆದೀತೆ? ಮದುವೆ ಮನೆಯಲ್ಲಿ ಹೋಳಿಗೆಗೆ ಲೆಕ್ಕವಿಡುವವರುಂಟೆ? ಈಗ ರೂಪಾಯಿ ಬರೀ 50 ಪೈಸೆ ಎದುರು ದಿಕ್ಕಿಗೆ ಸರಿದರೂ 45 ಸಾವಿರ ಹೋಯಿತು. 300 ಉಳಿಸಿದ ಸಂಭ್ರಮ ಮಾತ್ರ ಹಾಗೇ ಇದೆ. ನಿಫ್ಟಿಗಿಂತ ರೂಪಾಯಿ ಸಾಧು ಪ್ರಾಣಿ ಎನ್ನುವುದು ನಿಜ. ಆ ಸಾಧುತನವನ್ನು ನಂಬಿ ಹೆಗಲ ಮೇಲೆ ಐದು ಪಟ್ಟು ಹೊರೆ ಹೇರಿದವರು ಇವರೇ.

‘ರೂಪಾಯಿಗೆ ರಿಸರ್ವ್ ಬ್ಯಾಂಕಿನ ಕಾವಲಿದೆ. 2024ರ ಜೂನ್ 4ರಂದು ನಿಫ್ಟಿ ಒಂದೇ ದಿನ ಶೇ 6ರಷ್ಟು ಬೀಳಲಿಲ್ಲವೇ?’ ಎಂದು ಅವರು ತಿರುಗಿಬೀಳುತ್ತಾರೆ. ಬಿತ್ತು, ಒಂದು ಲಾಟ್ ಇದ್ದವರ ಅರ್ಧ ಮಾರ್ಜಿನ್ ತಿಂದೇ ಬಿತ್ತು. ಆದರೆ ಕಾವಲಿನ ಮಾತು ಬಂದರೆ ಸ್ವಿಸ್ ಫ್ರಾಂಕ್ ನೆನಪಾಗಬೇಕು. ಯೂರೊಗೆ 1.20 ಫ್ರಾಂಕ್ ಎಂಬ ಗಡಿಯನ್ನು ಸ್ವಿಸ್ ಕೇಂದ್ರ ಬ್ಯಾಂಕ್ 2011ರಿಂದ ಕಾದು, 2015ರ ಜನವರಿ 15ರಂದು ಹೇಳದೆ ಕೇಳದೆ ಕೈಬಿಟ್ಟಿತು. ನಷ್ಟಕ್ಕೆ ಮಿತಿಯಾಗಿ ಸ್ಟಾಪ್‌ಲಾಸ್ ಹಾಕಿದ್ದವರಿಗೂ ಹೇಳಿದ ಬೆಲೆ ಸಿಗಲಿಲ್ಲ. ಬ್ರಿಟನ್ನಿನ ಅಲ್ಪಾರಿ ಎಂಬ ಬ್ರೋಕರ್ ಸಂಸ್ಥೆಯೇ ದಿವಾಳಿಯಾಯಿತು. ಗಟ್ಟಿ ಕಾವಲಿದ್ದಷ್ಟೂ ಜನ ಹೆಚ್ಚು ಸಾಲದ ಮೇಲೆ ಪಣ ಕಟ್ಟುತ್ತಾರೆ, ಬಿದ್ದಾಗ ಪೆಟ್ಟೂ ಅಷ್ಟೇ ಜೋರು. ಹಾಗೆಂದು ಸೂಚ್ಯಂಕದ ಕಡೆಯವರೂ ಬೀಗುವಂತಿಲ್ಲ. 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಡೆರಿವೇಟಿವ್ಸ್ ಆಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರೆಂದು ಷೇರುಪೇಟೆ ನಿಯಂತ್ರಕ ಸೆಬಿಯೇ ಹೇಳಿದೆ. ಉಳಿದ ಶೇ 7ರಲ್ಲಿ ತಾವಿದ್ದೇವೆ ಎಂದು ನಂಬದ ಆಚಾರ್ಯರನ್ನು ಕಂಡವರಿಲ್ಲ.

ಅಷ್ಟಕ್ಕೂ 2024ರ ಮೇನಿಂದಲೇ ರಿಸರ್ವ್ ಬ್ಯಾಂಕ್ ಆಟದ ಬಯಲಿಗೇ ಬೇಲಿ ಹಾಕಿತು: ರೂಪಾಯಿ ಜೋಡಿಯ ಫ್ಯೂಚರ್ಸ್ ಬೇಕಾದರೆ ವಿದೇಶಿ ಹಣದ ನಿಜವಾದ ಬಾಬ್ತು ಇರಬೇಕು, ಬರೀ ಊಹೆಯ ಆಟ ನಡೆಯದು. ವಿದೇಶಿ ಆ್ಯಪ್‌ಗಳ ದಾರಿಯಲ್ಲೂ 2022ರಿಂದಲೇ ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿ ನಿಂತಿದೆ. ಆಚಾರ್ಯರು ಎದೆಗುಂದಲಿಲ್ಲ. ತಮಗೂ ಡಾಲರ್‌ಗೂ ಇರುವ ನಂಟನ್ನು ಬ್ರೋಕರನ ಅರ್ಜಿಯಲ್ಲಿ ತುಂಬಬೇಕಾಗಿ ಬಂದಾಗ, ತುಸು ಯೋಚಿಸಿ, ನ್ಯೂಜೆರ್ಸಿಯಲ್ಲಿರುವ ಅಳಿಯನ ಹೆಸರು ಬರೆಯಬಹುದೇ ಎಂದು ವಿಚಾರಿಸಿದರು.