ರಂಗೋಲಿ ಕೆಳಗೆ ತೂರುವವರಿಗೊಂದು ಫಾರ್ಮ್

ನಿಜ ಹೇಳಿ, ಇಲ್ಲಿ ನಾವಿಬ್ರೇ ಇರೋದು. ಆನ್‌ಲೈನ್ ಫಾರ್ಮಲ್ಲಿ ಕೆಂಪು ಸ್ಟಾರ್ ಇರೋ ಕಡೆ ನೀವು ಏನು ತುಂಬ್ತೀರಿ? ಒಂದು ಚುಕ್ಕಿ! (ತುಂಬಾ ಮರ್ಯಾದಸ್ಥರಾದ್ರೆ ‘ಎನ್‌ಎ’.) ‘ಕಾರಣವನ್ನು ಕನಿಷ್ಠ 50 ಅಕ್ಷರಗಳಲ್ಲಿ ತಿಳಿಸಿ’ ಅಂದ್ರೆ ‘ಪರ್ಸನಲ್’ ಅಂತ ಬರೆದು ಸ್ಪೇಸ್‌ಬಾರ್ ಮೇಲೆ ಹೆಬ್ಬೆರಳಿಟ್ಟು ಕೂರೋರು ಯಾರು? ಫೋನ್ ನಂಬರ್ ಕೇಳಿದ್ರೆ ಹತ್ತು ಸಲ ಒಂಬತ್ತು. ಮೊದಲ ಅಂಕಿ ಆರರಿಂದ ಒಂಬತ್ತರೊಳಗೆ ಇರಬೇಕು ಅನ್ನೋ ರೂಲಲ್ಲೂ ಅದು ಪಾಸು, ನೋಡಿ!

ನೀವು ಚಾಪೆ ಕೆಳಗೆ ತೂರ್ತೀರಿ ಅಂತ ಗೊತ್ತಿದ್ದೇ ಫಾರ್ಮ್ ಮಾಡೋರು ರಂಗೋಲಿ ಕೆಳಗೆ ತೂರೋದು ಕಲಿತಿರೋದು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ, ಬ್ರೌಸರ್ ಒಳಗೇ ಓಡೋ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಬರೆದು ಮುಗಿಸಿದ. ಅದಕ್ಕೆ ಸಿಕ್ಕ ಮೊದಮೊದಲ ಕೆಲಸಗಳಲ್ಲಿ ನಿಮ್ಮ ಫಾರ್ಮಿನ ತಪಾಸಣೆಯೂ ಒಂದು. ಡಯಲ್‌ಅಪ್ ಮೋಡೆಮ್ ಕಾಲ ಅದು. ನೀವು ಬಿಟ್ಟ ಖಾಲಿ ಜಾಗ ಸರ್ವರ್‌ವರೆಗೂ ಹೋಗಿ ಬೈಸ್ಕೊಂಡು ವಾಪಸ್ ಬರೋಷ್ಟರಲ್ಲಿ ಕಾಫಿ ಆರಿಹೋಗೋದು. ಬ್ರೌಸರ್‌ನಲ್ಲೇ ಬೈದುಬಿಟ್ರೆ ಸಲೀಸು. (ಬ್ರೌಸರ್‌ನ ಸ್ಕ್ರಿಪ್ಟನ್ನೇ ಆಫ್ ಮಾಡಿ ನುಗ್ಗೋ ಪೈಕಿನೂ ಇದ್ದಾರೆ. ಅವರಿಗೋಸ್ಕರ ಸರ್ವರ್‌ನಲ್ಲಿ ಅದೇ ರೂಲ್ ಇನ್ನೊಂದು ಸಲ.)

ಈಗಂತೂ ನಿಮ್ಮ ಆಟ ಕಷ್ಟ. ಪ್ಯಾನ್ ಅಂದ್ರೆ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ವ್ಯಕ್ತಿಯ ಪ್ಯಾನ್ ಆದ್ರೆ ನಾಲ್ಕನೇ ಅಕ್ಷರ ‘ಪಿ’ ಇರಲೇಬೇಕು. ಆಧಾರ್‌ನ 12 ಅಂಕಿಯಲ್ಲಿ ಕೊನೇದು ಇದೆಯಲ್ಲ, ಅದು ಇರೋದೇ ಹಿಂದಿನ 11ರ ಮೇಲೆ ಕಣ್ಣಿಡೋಕೆ. ವೆರ್ಹೂಫ್ ಅನ್ನೋ ಡಚ್ ಗಣಿತಜ್ಞ 1969ರಲ್ಲೇ ಹಾಕಿಕೊಟ್ಟ ಲೆಕ್ಕ. ಒಂದಂಕಿ ತಪ್ಪು ಒತ್ತಿದ್ರೂ, ಅಕ್ಕಪಕ್ಕದ ಎರಡನ್ನ ಅದಲುಬದಲು ಮಾಡಿದ್ರೂ ಸಿಕ್ಕಿಬೀಳ್ತೀರಿ. ನಿಮ್ಮ ಮುಖ ನೋಡದೇನೇ ನಿಮ್ಮ ಬೆರಳಿನ ಬುದ್ಧಿ ಕಂಡುಹಿಡಿದಿದ್ದ, ಪುಣ್ಯಾತ್ಮ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಾರ್ಟಿ. ಲಾಸ್ಟ್ ನೇಮು! ಊರಿಂದೊಂದು, ಅಪ್ಪನ ಹೆಸರಿಂದೊಂದು ಇನಿಷಿಯಲ್ ಇಟ್ಕೊಂಡು ಹಾಯಾಗಿದ್ದ ಹಳೇ ಮೈಸೂರು ಕಡೆಯವರು ಸರ್‌ನೇಮ್ ಎಲ್ಲಿಂದ ತರೋದು? ‘ಕೆ’ ಅಂತ ಹಾಕಿದ್ರೆ ‘ಕನಿಷ್ಠ ಎರಡು ಅಕ್ಷರ’ ಅನ್ನುತ್ತೆ. ಇರೋ ಒಂದೇ ಹೆಸರನ್ನ ಸರ್‌ನೇಮ್ ಮಾಡ್ಕೊಂಡು ಪಾಸ್‌ಪೋರ್ಟಲ್ಲಿ ಗಿವನ್ ನೇಮ್ ಇಲ್ಲದಿದ್ರೆ ಅಮೆರಿಕದ ವೀಸಾ ಫಾರ್ಮಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಹಾಕಿ ಅಂತ್ಲೇ ಸೂಚನೆ ಇದೆ. ಅಲ್ಲಿ ಇಳಿದ ಮೇಲೆ ಯಾರಾದ್ರೂ ‘ಮಿಸ್ಟರ್ ಫ್ನೂ’ ಅಂತ ಕೂಗಿದ್ರೆ ಓಗೊಡಿ, ಬೇರೆ ದಾರಿ ಇಲ್ಲ.

ಪಾಪ, ಇಷ್ಟೆಲ್ಲ ಅನುಭವಿಸಿದ ನೀವು ಅಪಾರ್ಟ್‌ಮೆಂಟ್ ಸೆಕ್ರೆಟರಿ ಆದ ದಿನ ಮಾಡೋದೇನು? ಪಾರ್ಟಿ ಹಾಲ್ ಬುಕಿಂಗಿಗೆ ಒಂದು ಗೂಗಲ್ ಫಾರ್ಮ್. ಮೊದಲು ಎರಡೇ ಪ್ರಶ್ನೆ: ಯಾವ ಫ್ಲ್ಯಾಟು, ಯಾವತ್ತು. ಆಮೇಲೆ ಮೂರನೇ ಮಹಡಿಯವರು ಡಿಜೆ ಹಾಕಿಸ್ತಾರೆ, ಒಂದು ಪ್ರಶ್ನೆ ಜಾಸ್ತಿ. ಯಾರೋ ಸೋಫಾ ಮೇಲೆ ಸಾಂಬಾರ್ ಚೆಲ್ತಾರೆ, ಡಿಪಾಸಿಟ್ ಸೆಕ್ಷನ್ ಬರುತ್ತೆ. ‘ಊಟ ಇದೆ’ ಅಂದ್ರೆ ಒಂದು ಸೆಕ್ಷನ್‌ಗೆ, ‘ಇಲ್ಲ’ ಅಂದ್ರೆ ಇನ್ನೊಂದಕ್ಕೆ.

ಒಂದೊಂದು ರೂಲ್ ಹಾಕುವಾಗ್ಲೂ ಒಬ್ಬೊಬ್ಬ ನೆರೆಯವರ ಮುಖ ಕಣ್ಮುಂದೆ ಬಂದಿತ್ತು, ಅಲ್ವಾ? ಸುಳ್ಳು ಹೇಳ್ಬೇಡಿ. ಎಲ್ಲಾ ಪ್ರಶ್ನೆಗೂ ಕೆಂಪು ಸ್ಟಾರ್ ಬೇರೆ. ‘ಸಲಹೆಗಳಿದ್ದರೆ ತಿಳಿಸಿ’ ಅನ್ನೋದಕ್ಕೂ ಸ್ಟಾರ್ ಹಾಕಿದ್ದೀರಲ್ಲ ಸ್ವಾಮಿ, ಸಲಹೆ ಇಲ್ಲದೋರು ಏನು ಮಾಡ್ಬೇಕು? (ಚುಕ್ಕಿ ಹಾಕ್ತಾರೆ. ಅವರೂ ನಿಮ್ಮ ಥರಾನೇ.)

ಒಂದೇ ದಿನಕ್ಕೆ ಇಬ್ಬರು ಬುಕ್ ಮಾಡಿದ್ರೋ? ಅದನ್ನ ಫಾರ್ಮ್ ತಾನಾಗೇ ನೋಡಲ್ಲ. ಬಿ ಬ್ಲಾಕಿನ ಸಾಫ್ಟ್‌ವೇರ್ ಹುಡುಗನನ್ನ ಕಾಫಿಗೆ ಕರೆದು ಆ್ಯಪ್ಸ್ ಸ್ಕ್ರಿಪ್ಟ್ ಬರೆಸ್ತೀರಿ. ಅದು ಬುಕಿಂಗ್‌ಗಳು ಸೇರೋ ಶೀಟ್ ಹುಡುಕಿ, ‘ಕ್ಷಮಿಸಿ, ಹಾಲ್ ಖಾಲಿ ಇಲ್ಲ’ ಅಂತ ಮೇಲ್ ಕಳಿಸುತ್ತೆ. ಆದ್ರೆ ಆ ಸ್ಕ್ರಿಪ್ಟ್ ಎದ್ದು ಕೂರೋದು ಸಬ್‌ಮಿಟ್ ಒತ್ತಿದ ಮೇಲೆ, ಒತ್ತೋಕೆ ಮುಂಚೆ ಅಲ್ಲ! ‘ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ’ ಅಂತ ನೋಡಿದ್ದೇ ತಡ, ಅವರು ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಯ್ತು. ಮೇಲ್ ಯಾರ್ರೀ ನೋಡ್ತಾರೆ? ನೀವು ನೋಡ್ತೀರಾ?

ಇನ್ನು ಅಪ್ರೂವಲ್. ಅರ್ಜಿ ಮೊದಲು ಖಜಾಂಚಿಗೆ, ಅವರು ಓಕೆ ಅಂದ್ರೆ ಸೆಕ್ರೆಟರಿಗೆ, 48 ಗಂಟೆಯಲ್ಲಿ ಉತ್ತರ ಬರದಿದ್ರೆ ಅಧ್ಯಕ್ಷರಿಗೆ. ಭೇಷ್. ಅಧ್ಯಕ್ಷರು ಮೊಮ್ಮಗು ನೋಡೋಕೆ ಡಲ್ಲಾಸ್‌ಗೆ ಹೋಗಿ ಆರು ತಿಂಗಳು ಕೂತ್ರೆ? ಅರ್ಜಿನೂ ಆರು ತಿಂಗಳು ಕೂತಿರುತ್ತೆ. ಅರ್ಜಿ ಹಾಕಿದವರೇ ಸೆಕ್ರೆಟರಿ ಆಗಿದ್ರೆ? ‘ಅಂಕಲ್, ತನ್ನ ಅರ್ಜಿ ತಾನೇ ಅಪ್ರೂವ್ ಮಾಡೋ ಹಾಗಿಲ್ಲ ಅಂತ ಒಂದು ರೂಲ್ ಹಾಕ್ಲಾ?’ ಅಂತ ಆ ಹುಡುಗ ಕೇಳಿದ್ದಕ್ಕೆ ನೀವು, ‘ಅದೆಲ್ಲ ಆಮೇಲೆ ನೋಡೋಣಪ್ಪ, ಮೊದಲು ಇದು ಓಡ್ಲಿ’ ಅಂದ್ರಂತೆ.

ಅಂದ ಹಾಗೆ, ಮಗಳ ಸೀಮಂತ ಬರೋ ಭಾನುವಾರ ತಾನೆ? ಹಾಲ್ ಸಿಕ್ತಾ?