ಬೇಲಿ ಬಿಟ್ಟು ಜಗಲಿಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಹಲಸಿನ ಮರದಲ್ಲಿ ಮಂಚ ಮಾಡಿಸಿ ನೋಡು’ ಎಂದು ಯಾಕೆ ಸೇರಿಸಲಿಲ್ಲವೋ. ಮಲೆನಾಡಿನಲ್ಲಿ ಕೊಡಲಿಗಿಂತ ಮೊದಲು ಕೈಗೆ ಬರುವುದು ಪಂಚಾಂಗ. ಹುಣ್ಣಿಮೆ ಕಳೆಯಬೇಕು, ಕೃಷ್ಣಪಕ್ಷದಲ್ಲೇ ಮರ ಉರುಳಬೇಕು, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದಂತೆ. ಚಂದ್ರನಿಗೂ ಕುಟ್ಟೆಹುಳಕ್ಕೂ ಏನು ನಂಟೋ, ಹುಳವನ್ನೇ ಕೇಳಬೇಕು. ಆದರೆ ದಿಮ್ಮಿಯ ಎರಡೂ ತುದಿಗೆ ಸಗಣಿ ಮೆತ್ತುವುದನ್ನು ನಾನು ಒಪ್ಪುತ್ತೇನೆ. ಹಸಿಮರದ ನೀರು ಮೈಗಿಂತ ಬೇಗ ಕೊಯ್ದ ತುದಿಯಲ್ಲಿ ಆರುತ್ತದೆ. ತುದಿ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ, ಜಗಳದಲ್ಲಿ ದಿಮ್ಮಿ ಸೀಳುತ್ತದೆ.

ಹಲಗೆ ಕೊಯ್ಸಿದ ಮೇಲೆ ನಡುನಡುವೆ ರೀಪು ಇಟ್ಟು, ಗಾಳಿಯಾಡುವಂತೆ ಪೇರಿಸಬೇಕು. ಬಿಸಿಲು ತಾಗಬಾರದು, ಮಳೆಯ ಎರಚಲು ಬಡಿಯಬಾರದು, ಭಾವ ಬಂದು ‘ಎರಡು ಹಲಗೆ ನನಗಿರಲಿ’ ಎನ್ನಬಾರದು. ಮಗಳ ಮದುವೆಗೆಂದು ಕಡಿದ ಮರ ಒಣಗಿ ಮಂಚವಾಗುವ ಹೊತ್ತಿಗೆ ಅವಳು ಬಾಣಂತನಕ್ಕೆ ಬಂದಿರುತ್ತಾಳೆ.

ಬಿದಿರಿನದು ಇನ್ನೊಂದು ರಾಮಾಯಣ. ಮೈತುಂಬ ಪಿಷ್ಟ, ಕುಟ್ಟೆಗೆ ಹಬ್ಬದೂಟ. ಅದಕ್ಕೇ ಗಳುಗಳನ್ನು ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿಡುವುದು. ಪಿಷ್ಟ ಕೊಳೆತು ನೀರಿಗಿಳಿಯುತ್ತದೆ. ಗಳು ಮೇಲೆತ್ತುವ ದಿನದ ವಾಸನೆಯ ವಿಚಾರವನ್ನು, ಊಟದ ಹೊತ್ತಿಗೆ ಪತ್ರಿಕೆ ಓದುವವರ ಮೇಲಿನ ಕರುಣೆಯಿಂದ, ಇಲ್ಲಿಗೇ ಬಿಡುತ್ತೇನೆ.

ಇಷ್ಟು ಪಡಿಪಾಟಲು ಬೇಡವೆನ್ನುವವರಿಗೆ ಲಂಟಾನ ಇದೆ. ಅಮೆರಿಕ ಖಂಡದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಅಂದದ ಹೂಗಿಡವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ತೋಟದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ. ಕಪ್ಪು ಹಣ್ಣು ತಿಂದ ಪಿಕಳಾರಗಳು ಸಾಗಾಣಿಕೆ ವೆಚ್ಚವಿಲ್ಲದೆ ಬೀಜ ಮುಟ್ಟಿಸಿದವು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಹುಲ್ಲು ಬೆಳೆಯಬೇಕಾದ ಕಡೆಯೆಲ್ಲ ಅದರದೇ ದರ್ಬಾರು. ದನ ತಿಂದರೆ ವಿಷ ಬೇರೆ.

ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಬಿದಿರು ಕೈಗೆಟುಕದಂತಾದಾಗ, ಬೆಂಗಳೂರಿನ ಏಟ್ರೀ ಸಂಸ್ಥೆಯ ಒತ್ತಾಸೆಯಿಂದ ಸೋಲಿಗರು ಈ ಕಳೆಗೇ ಕೈ ಹಾಕಿದರು. ನೆಟ್ಟಗಿರುವ ದಪ್ಪ ಕಡ್ಡಿ ಕುರ್ಚಿಯ ಕಾಲಿಗೆ, ಸಣ್ಣದು ಹೆಣಿಗೆಗೆ ಎಂದು ವಿಂಗಡಿಸಿ, ನೀರು ತುಂಬಿದ ತೊಟ್ಟಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಕಡ್ಡಿಯ ತುದಿಯಲ್ಲಿ ಕತ್ತಿ ಮೊನೆ ತಾಗಿಸಿ ಎಳೆದರೆ, ಮುಳ್ಳು ಸಮೇತ ಸಿಪ್ಪೆ ಬೇಯಿಸಿದ ಗೆಣಸಿನದರಂತೆ ಸುಲಿದು ಬರುತ್ತದೆ. ಒಳಗಿನ ಬಿಳಿಮೈ ಬಿಸಿಯಿರುವಾಗಲೇ ಬಗ್ಗಿಸಿ, ಮೊಳೆ ಹೊಡೆದು ಕೂರಿಸಬೇಕು. ಆರಿತೋ, ಕಡ್ಡಿ ಹಟಮಾರಿ. ಬಗ್ಗಿಸಹೋದರೆ ಲಟಕ್ಕೆಂದು ಮುರಿಯುತ್ತದೆ. ಹಲಸಿನ ಬಡಗಿಗೆ ಒಣಗುವ ತನಕ ಕಾಯುವ ಕಷ್ಟ, ಇವರಿಗೆ ಒಣಗುವುದರೊಳಗೆ ಮುಗಿಸುವ ಕಷ್ಟ. ಗೆದ್ದಲು ಇದರ ತಂಟೆಗೆ ಬರುವುದಿಲ್ಲ ಎನ್ನುವುದು ಮಾಡುವವರ ಭರವಸೆ.

ತಂಟೆಗೆ ಬರುವವರು ಗಿರಾಕಿಗಳು. ‘ಏನಣ್ಣಾ, ಬೇಲಿ ಕಡ್ಡಿಗೆ ಇಷ್ಟೊಂದು ರೇಟಾ?’ ಎನ್ನುತ್ತಾರೆ. ‘ಹಂಗಾದ್ರೆ ಬೇಲಿ ಮ್ಯಾಲೇ ಕೂತ್ಕಳಿ ಸ್ವಾಮಿ’ ಎನ್ನಬಹುದು. ವ್ಯಾಪಾರದಲ್ಲಿ ಯಾರೂ ಅನ್ನುವುದಿಲ್ಲ. ಕಡ್ಡಿಗೆ ಕಾಡೇನೂ ಬಿಲ್ಲು ಕೊಡುವುದಿಲ್ಲ, ನಿಜ. ಆನೆ ಓಡಾಡುವ ಪೊದೆಯೊಳಗೆ ನುಗ್ಗಿ, ಮೈಕೈ ತರಚಿಸಿಕೊಂಡು, ಹೊರೆ ಹೊತ್ತು ಇಳಿದವರ ಕೂಲಿ ಮಾತ್ರ ಆ ಕುರ್ಚಿಯಲ್ಲಿ ಮೊದಲೇ ಕೂತಿರುತ್ತದೆ. ಕಾರ್ಖಾನೆಯ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಯಾರೂ ಹೀಗೆ ಚೌಕಾಸಿ ಮಾಡುವುದನ್ನು ಕಾಣೆ.

ಲಂಟಾನದ ಕುರ್ಚಿಯಿಂದ ಕಾಡು ಚೊಕ್ಕಟವಾಗುತ್ತದೆಯೇ? ಅಷ್ಟು ಸಲೀಸಿಲ್ಲ. ಕಾಡು ಉಳಿಸುವವರು ಬೇರು ಸಮೇತ ಕೀಳಿ ಎನ್ನುತ್ತಾರೆ, ಮೋಟು ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಪೊದೆ. ಸೋಫಾ ಮಾಡುವವರಿಗೆ ಆ ಚಿಗುರೇ ಮುಂದಿನ ಆರ್ಡರಿನ ಕೈಹಿಡಿ. ಬೆಟ್ಟದ ಮೇಲಿರುವ ಲಂಟಾನವನ್ನು ನೋಡಿದರೆ, ಈ ವಾದ ಇತ್ಯರ್ಥವಾಗಲು ಇಬ್ಬರಿಗೂ ಬೇಕಾದಷ್ಟು ಪುರುಸೊತ್ತಿದೆ. ಅಲ್ಲಿಯವರೆಗೆ ಕೂತು ಮಾತಾಡಲು ಕುರ್ಚಿಗಂತೂ ಕೊರತೆಯಿಲ್ಲ.